ಪ್ರತಿ ಮತಕ್ಕೂ ಕಾರಣ ಬರೆದ ಸಂಸದ: ಜಸ್ಟಿನ್ ಅಮಾಶ್ ಪ್ರಕರಣ

ಅಮೆರಿಕದ ಪ್ರತಿನಿಧಿ ಸಭೆಯ ಸದಸ್ಯರೊಬ್ಬರು ಯಾವ ಮಸೂದೆಗೆ ಯಾವ ಕಡೆ ಮತ ಹಾಕಿದರು ಎಂದು ತಿಳಿಯಲು ಪತ್ತೇದಾರಿಕೆ ಬೇಕಿಲ್ಲ. 1973ರ ಜನವರಿಯಿಂದ ಅಲ್ಲಿ ಎಲೆಕ್ಟ್ರಾನಿಕ್ ಮತದಾನ ಜಾರಿಯಲ್ಲಿದೆ. ಸದಸ್ಯರು ತಮ್ಮ ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸಿ ಗುಂಡಿ ಒತ್ತುತ್ತಾರೆ. ಹಸಿರು ದೀಪ ಹತ್ತಿದರೆ ಹೌದು, ಕೆಂಪು ಹತ್ತಿದರೆ ಅಲ್ಲ, ಹಳದಿ ಹತ್ತಿದರೆ ಹಾಜರಿದ್ದಾರೆ, ಆದರೆ ಪರವೂ ಅಲ್ಲ, ವಿರುದ್ಧವೂ ಅಲ್ಲ. ಸಭೆಯ ಕ್ಲರ್ಕ್ ಕಚೇರಿ ಹೀಗೆ ದಾಖಲಾದ ಪ್ರತಿ ಮತದಾನಕ್ಕೂ, ಅಂದರೆ ರೋಲ್ ಕಾಲ್‌ಗೂ, ಒಂದು ಸಂಖ್ಯೆ ಕೊಟ್ಟು, ಹೆಸರು ಹೆಸರಾಗಿ ಪ್ರಕಟಿಸುತ್ತದೆ. ಹಾಜರಿರುವ ಸದಸ್ಯರಲ್ಲಿ ಐದನೇ ಒಂದು ಭಾಗ ಕೇಳಿದರೆ ಮತವನ್ನು ಹೆಸರು ಸಮೇತ ದಾಖಲಿಸಲೇಬೇಕು ಎಂದು ಅಲ್ಲಿನ ಸಂವಿಧಾನವೇ ಹೇಳುತ್ತದೆ.

ಅಂದರೆ ಯಾರು ಏನು ಮಾಡಿದರು ಎಂಬುದು ಬಯಲಲ್ಲೇ ಇರುತ್ತದೆ. ಯಾಕೆ ಮಾಡಿದರು ಎಂಬುದು ಮಾತ್ರ ದಾಖಲೆಯಲ್ಲಿ ಎಲ್ಲೂ ಸಿಗುವುದಿಲ್ಲ. ಆ ಖಾಲಿ ಜಾಗವನ್ನು ಸಾಮಾನ್ಯವಾಗಿ ತುಂಬುವವರು ಬೇರೆಯವರು: ಎದುರಾಳಿಯ ಜಾಹೀರಾತು, ಲಾಬಿ ಸಂಘಟನೆಗಳ ಅಂಕಪಟ್ಟಿ, ಟಿವಿ ಚರ್ಚೆ. ಮಿಷಿಗನ್ ರಾಜ್ಯದ ಜಸ್ಟಿನ್ ಅಮಾಶ್ ಆ ಜಾಗವನ್ನು ತಾವೇ ತುಂಬಲು ಹೊರಟರು. ಹತ್ತು ವರ್ಷ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿದ್ದು, ಹಾಕಿದ ಮತಗಳಿಗೆ ಫೇಸ್‌ಬುಕ್‌ನಲ್ಲಿ ಕಾರಣ ಬರೆಯುತ್ತಾ ಹೋದರು. ಒಬ್ಬ ಜನಪ್ರತಿನಿಧಿಯ ಮತ, ಮಾತು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆಂದರೆ ಇದಕ್ಕಿಂತ ಪೂರ್ಣವಾದ ಕಡತ ನನಗೆ ಗೊತ್ತಿರುವ ಮಟ್ಟಿಗೆ ಬೇರೊಂದಿಲ್ಲ. ಇಷ್ಟೆಲ್ಲ ಬರೆದದ್ದರಿಂದ ಅವರ ರಾಜಕೀಯ ಜೀವನಕ್ಕೆ ಆದ ಲಾಭ ಎಷ್ಟು ಎಂದು ಕೇಳಿದರೆ, ಮೊದಲ ಎಂಟು ವರ್ಷ ಬೇಕಾದಷ್ಟು, ಆಮೇಲೆ ಚೂರೂ ಇಲ್ಲ.

ಲ್ಯಾನ್ಸಿಂಗ್‌ನಿಂದ ವಾಷಿಂಗ್ಟನ್‌ಗೆ

ಅಮಾಶ್ ಹುಟ್ಟಿದ್ದು 1980ರಲ್ಲಿ, ಗ್ರ್ಯಾಂಡ್ ರಾಪಿಡ್ಸ್ ನಗರದಲ್ಲಿ. ತಂದೆ ಪ್ಯಾಲೆಸ್ಟೀನ್‌ನಿಂದ ನಿರಾಶ್ರಿತರಾಗಿ ಬಂದ ಕ್ರೈಸ್ತ, ತಾಯಿ ಸಿರಿಯಾ ಮೂಲದವರು. ಮನೆಯವರದ್ದು ಕೈ ಉಪಕರಣಗಳ ವ್ಯಾಪಾರ. ಅಮಾಶ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ, ಆಮೇಲೆ ಕಾನೂನು ಓದಿದರು. 2009ರಲ್ಲಿ ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ ಶಾಸಕರಾದರು. ಪ್ರತಿ ಮತವನ್ನೂ ಫೇಸ್‌ಬುಕ್‌ನಲ್ಲಿ ಹಾಕಿ ವಿವರಿಸುವ ಅಭ್ಯಾಸ ಶುರುವಾದದ್ದು ಅಲ್ಲೇ. ಎರಡೇ ವರ್ಷದಲ್ಲಿ, ಸರ್ಕಾರದ ಖರ್ಚು ಕಡಿಮೆಯಾಗಲಿ ಎಂದ ಟೀ ಪಾರ್ಟಿ ಚಳವಳಿಯ ಅಲೆಯಲ್ಲಿ, 2010ರ ಚುನಾವಣೆಯಲ್ಲಿ ರಿಪಬ್ಲಿಕನ್ ಆಗಿ ಗೆದ್ದು ಕಾಂಗ್ರೆಸ್ ಪ್ರವೇಶಿಸಿದಾಗ ಅವರಿಗೆ ಮೂವತ್ತು. ಗ್ರ್ಯಾಂಡ್ ರಾಪಿಡ್ಸ್ ಸಾಮಾನ್ಯ ಕ್ಷೇತ್ರವಲ್ಲ. ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ 1949ರಿಂದ 1973ರವರೆಗೆ ಪ್ರತಿನಿಧಿಸಿದ್ದು ಇದೇ ಊರನ್ನು.

ಅಮಾಶ್ ಅವರ ಬರಹದಲ್ಲಿ ಚಪ್ಪಾಳೆಗಿಟ್ಟಿಸುವ ಸಾಲು ಕಡಿಮೆ. ಮಸೂದೆಯ ಸಂಖ್ಯೆ, ಅದು ಏನು ಮಾಡುತ್ತದೆ, ಸಂವಿಧಾನದ ಯಾವ ವಿಧಿ ಕಾಂಗ್ರೆಸ್‌ಗೆ ಆ ಅಧಿಕಾರ ಕೊಡುತ್ತದೆ ಅಥವಾ ಕೊಡುವುದಿಲ್ಲ, ಕೊನೆಗೆ ತಮ್ಮ ಮತ, ಮಸೂದೆ ಗೆದ್ದಿತೋ ಸೋತಿತೋ. ಅಷ್ಟೇ. ಕೆಳಗೆ ಬೈಯುವವರಿಗೆ ಅವರೇ ಉತ್ತರಿಸುತ್ತಿದ್ದುದೂ ಉಂಟು. ಕಡೆಕಡೆಗೆ ಟ್ವಿಟರ್ ಕಡೆ ಹೆಚ್ಚು ವಾಲಿದರಾದರೂ ಧಾಟಿ ಬದಲಾಗಲಿಲ್ಲ.

ಒಂದೂ ಮತ ತಪ್ಪಿಸಿಕೊಳ್ಳಬಾರದು ಎಂಬ ಹಟವೂ ಅವರಿಗಿತ್ತು. 4,200ಕ್ಕೂ ಹೆಚ್ಚು ಮತಗಳನ್ನು ಸತತವಾಗಿ ಹಾಕಿದ್ದವರು 2017ರ ಮಾರ್ಚ್‌ನಲ್ಲಿ ಮೊದಲ ಬಾರಿ ಒಂದನ್ನು ತಪ್ಪಿಸಿಕೊಂಡರು. ಸಭಾಂಗಣದ ಹೊರಗೆ ಪತ್ರಕರ್ತರ ಜೊತೆ ಆರೋಗ್ಯ ಮಸೂದೆಯ ಬಗ್ಗೆ ಮಾತಿಗೆ ಕುಳಿತವರಿಗೆ ಸಮಯ ಮುಗಿದದ್ದೇ ತಿಳಿದಿರಲಿಲ್ಲ. ವಿವರಣೆ ಕೊಡುತ್ತಾ ನಿಂತದ್ದಕ್ಕೇ ಮತ ತಪ್ಪಿದ್ದು.

ಹಳದಿ ದೀಪ

ಅಮಾಶ್ ದಾಖಲೆಯನ್ನು ಅಂಕಿಗಳಲ್ಲಿ ಮಾತ್ರ ಓದುವವರು ಮೊದಲು ಎಡವುವುದು ಅವರ ‘ಹಾಜರ್’ ಮತಗಳಲ್ಲಿ. 2011ರ ಫೆಬ್ರುವರಿಯಲ್ಲಿ ರಿಪಬ್ಲಿಕನ್ನರು, ಗರ್ಭಪಾತ ಸೇವೆಯನ್ನೂ ಕೊಡುವ ಪ್ಲ್ಯಾನ್ಡ್ ಪೇರೆಂಟ್‌ಹುಡ್ ಸಂಸ್ಥೆಗೆ ಕೇಂದ್ರದ ಅನುದಾನ ನಿಲ್ಲಿಸುವ ತಿದ್ದುಪಡಿ ತಂದರು. 240-185ರಲ್ಲಿ ಅದು ಅಂಗೀಕಾರವಾಯಿತು. ಗರ್ಭಪಾತವನ್ನು ಕಟ್ಟುನಿಟ್ಟಾಗಿ ವಿರೋಧಿಸುವ ಅಮಾಶ್ ಹೌದು ಎನ್ನಬೇಕಿತ್ತು. ಅವರು ಒತ್ತಿದ್ದು ಹಳದಿ ಗುಂಡಿ. ಮುಂದಿನ ತಿಂಗಳು ಸಾರ್ವಜನಿಕ ರೇಡಿಯೊ ಸಂಸ್ಥೆ ಎನ್‌ಪಿಆರ್‌ನ ಅನುದಾನ ಕಡಿತದ ಮಸೂದೆ ಬಂದಾಗಲೂ ಹಾಗೆಯೇ. ಸರ್ಕಾರದ ಖರ್ಚು ಕಡಿಮೆಯಾಗಲಿ ಎಂದು ಸದಾ ಹೇಳುತ್ತಿದ್ದ ಮನುಷ್ಯ ಖರ್ಚು ಕಡಿತಕ್ಕೇ ಹೌದು ಎನ್ನಲಿಲ್ಲ.

ಅವರು ಕೊಟ್ಟ ಕಾರಣ ಸರಳವಾಗಿತ್ತು: ಕಾನೂನು ಎಲ್ಲರಿಗೂ ಅನ್ವಯಿಸುವ ಹಾಗೆ ಬರೆಯಬೇಕು, ಒಂದು ಸಂಸ್ಥೆಯ ಹೆಸರು ಹಿಡಿದು ಶಿಕ್ಷೆ ಕೊಡುವುದೂ ತಪ್ಪು, ಉಡುಗೊರೆ ಕೊಡುವುದೂ ತಪ್ಪು. ಕೇಳಲು ಚೆನ್ನಾಗಿದೆ, ಆದರೆ ಇದು ನುಣುಚಿಕೊಳ್ಳುವ ದಾರಿಯೂ ಆಗಬಹುದಲ್ಲ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ರಾಜಕಾರಣಿಗೆ ಹಳದಿ ಗುಂಡಿಗಿಂತ ಒಳ್ಳೆಯ ಆಸರೆ ಎಲ್ಲಿದೆ? ಈ ಅನುಮಾನವನ್ನು ತೀರಿಸಿದ್ದು ಕೀಸ್ಟೋನ್ ಎಕ್ಸ್‌ಎಲ್ ತೈಲ ಕೊಳವೆ ಮಾರ್ಗದ ಮತ. ಕೆನಡಾದ ತೈಲವನ್ನು ಅಮೆರಿಕದ ದಕ್ಷಿಣಕ್ಕೆ ಸಾಗಿಸುವ ಆ ಯೋಜನೆ ಬೇಕು ಎಂದೇ ಅಮಾಶ್ ಹೇಳುತ್ತಿದ್ದರು. ಆದರೆ ಮಸೂದೆಯಲ್ಲಿ ಟ್ರಾನ್ಸ್‌ಕೆನಡಾ ಎಂಬ ಒಂದೇ ಕಂಪನಿಯ ಹೆಸರಿತ್ತು. 2015ರ ಜನವರಿಯಲ್ಲಿ 266-153ರಲ್ಲಿ ಅದು ಅಂಗೀಕಾರವಾದಾಗ ಹಳದಿ ದೀಪ ಹತ್ತಿದ್ದು ಒಂದೇ ಹೆಸರಿನ ಮುಂದೆ. ತಮಗೆ ಆಗದ ಸಂಸ್ಥೆಗೆ ಹಿಡಿದ ಅಳತೆಗೋಲನ್ನೇ ತಮಗೆ ಬೇಕಾದ ಯೋಜನೆಗೂ ಹಿಡಿದರು. ಸದಸ್ಯನೊಬ್ಬನ ಮಾತು ನಿಜವೋ ನೆಪವೋ ಎಂದು ನೋಡಲು ಇಂಥ ಜೋಡಿ ಮತಗಳೇ ಬೇಕು. ಒಂದೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಪಕ್ಷದ ನಾಯಕರಿಗೆ ಈ ಸೂಕ್ಷ್ಮ ಹಿಡಿಸಲಿಲ್ಲ. 2012ರ ಡಿಸೆಂಬರ್‌ನಲ್ಲಿ ಅವರನ್ನು ಬಜೆಟ್ ಸಮಿತಿಯಿಂದ ಕಿತ್ತುಹಾಕಿದರು. ಅದಾಗಿ ಕೆಲವೇ ವಾರಗಳಲ್ಲಿ ನಡೆದ ಸ್ಪೀಕರ್ ಚುನಾವಣೆಯಲ್ಲಿ ಅಮಾಶ್ ತಮ್ಮದೇ ಪಕ್ಷದ ಜಾನ್ ಬೇನರ್‌ಗೆ ಮತ ಕೊಡಲಿಲ್ಲ. ಪಕ್ಷದ ಅಭ್ಯರ್ಥಿಯನ್ನು ಆರಿಸುವ 2014ರ ಪ್ರೈಮರಿ ಚುನಾವಣೆಯಲ್ಲಿ ವಾಣಿಜ್ಯೋದ್ಯಮಿಗಳ ಬೆಂಬಲ ಪಡೆದ ಬ್ರಯಾನ್ ಎಲ್ಲಿಸ್ ಅಮಾಶ್‌ಗೆ ಎದುರಾಗಿ ನಿಂತರು. ಅಮಾಶ್ ಸದನದಲ್ಲಿ ಹಾಕಿದ ಮತಗಳೇ ಎಲ್ಲಿಸ್ ಪ್ರಚಾರದ ಸರಕು. ಭಯೋತ್ಪಾದಕರ ಗೆಳೆಯ ಎಂಬ ಧಾಟಿಯ ಜಾಹೀರಾತೂ ಬಂತು, ಅದೂ ಅರಬ್ ಮೂಲದ ಒಬ್ಬರ ಮೇಲೆ. ಅಮಾಶ್ ಸುಮಾರು ಶೇ 57ರಷ್ಟು ಮತ ಪಡೆದು ಗೆದ್ದರು. ನನಗನ್ನಿಸುವ ಮಟ್ಟಿಗೆ ಫೇಸ್‌ಬುಕ್ ಕಡತ ಕೆಲಸಕ್ಕೆ ಬಂದದ್ದು ಇಲ್ಲಿ. ಜಾಹೀರಾತು ಬರುವ ಹೊತ್ತಿಗೆ ಉತ್ತರ ಅದಾಗಲೇ ವರ್ಷಗಳಿಂದ ಅಲ್ಲಿ ಕೂತಿತ್ತು. ಚುನಾವಣೆಗಾಗಿ ಹೊಸೆದ ಸಮರ್ಥನೆ ಎಂದು ಯಾರೂ ಹೇಳುವಂತಿರಲಿಲ್ಲ.

2013ರ ಜುಲೈ 24

ಅಮಾಶ್ ಹೆಸರು ದೇಶಕ್ಕೆ ಗೊತ್ತಾದದ್ದು ಒಂದು ಸೋಲಿನಿಂದ. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳು, ರಾಷ್ಟ್ರೀಯ ಭದ್ರತಾ ಏಜೆನ್ಸಿಯು ಭಯೋತ್ಪಾದನೆ ತಡೆಯುವ ಪೇಟ್ರಿಯಟ್ ಕಾಯ್ದೆಯ 215ನೇ ಸೆಕ್ಷನ್ ಹೆಸರಲ್ಲಿ ಸಾಮಾನ್ಯ ಅಮೆರಿಕನ್ನರ ಫೋನ್ ಕರೆಗಳ ವಿವರವನ್ನು ರಾಶಿಗಟ್ಟಲೆ ಗುಡ್ಡೆ ಹಾಕುತ್ತಿದೆ ಎಂದು ತೋರಿಸಿದವು. ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಮಾತಾಡಿದರು ಎಂಬ ವಿವರ. ರಕ್ಷಣಾ ಇಲಾಖೆಯ ಹಣಕಾಸು ಮಸೂದೆ ಸಭೆಗೆ ಬಂದಾಗ, ಈ ಸಂಗ್ರಹಕ್ಕೆ ಹಣ ಬಳಸಕೂಡದು ಎಂಬ ತಿದ್ದುಪಡಿಯನ್ನು ಅಮಾಶ್ ತಂದರು. ಜೊತೆಗೆ ನಿಂತವರು ಡೆಟ್ರಾಯಿಟ್‌ನ ಹಿರಿಯ ಡೆಮಾಕ್ರಟ್ ಜಾನ್ ಕಾನ್ಯರ್ಸ್. ರಾಜ್ಯ ಒಂದೇ ಆದರೂ ರಾಜಕೀಯದಲ್ಲಿ ಇಬ್ಬರೂ ಎರಡು ಧ್ರುವ.

ಶ್ವೇತಭವನ ವಿರೋಧಿಸಿ ಹೇಳಿಕೆ ಕೊಟ್ಟಿತು. ಏಜೆನ್ಸಿಯ ಮುಖ್ಯಸ್ಥ ಜನರಲ್ ಕೀತ್ ಅಲೆಕ್ಸಾಂಡರ್ ಹಿಂದಿನ ದಿನ ಸ್ವತಃ ಬಂದು ಸದಸ್ಯರಿಗೆ ಗಂಟೆಗಟ್ಟಲೆ ತಿಳಿಹೇಳಿದರು. ಸದನದಲ್ಲಿ ಅತ್ಯಂತ ಖಾರವಾಗಿ ಮಾತಾಡಿದವರು ಗುಪ್ತಚರ ಸಮಿತಿಯ ಅಧ್ಯಕ್ಷ ಮೈಕ್ ರಾಜರ್ಸ್. ಅವರೂ ಮಿಷಿಗನ್‌ನವರೇ, ಅದೇ ಪಕ್ಷದವರೇ. ಫೇಸ್‌ಬುಕ್ ಲೈಕುಗಳನ್ನಷ್ಟೇ ನೋಡಿಕೊಂಡು ಕೂರುವಷ್ಟು ಸಣ್ಣವರಾಗಿಬಿಟ್ಟೆವೇ ಎಂದು ಸಭೆಯನ್ನು ಕೇಳಿದರು. ಏಟು ಯಾರಿಗೆ ಎಂದು ಎಲ್ಲರಿಗೂ ಗೊತ್ತಿತ್ತು.

ಫಲಿತಾಂಶ 205-217. ಆ ಪಟ್ಟಿ ಇವತ್ತು ಓದಿದರೂ ಕಣ್ಣರಳುತ್ತದೆ. ಪರವಾಗಿ 94 ರಿಪಬ್ಲಿಕನ್ನರು, 111 ಡೆಮಾಕ್ರಟರು. ವಿರುದ್ಧ 134 ರಿಪಬ್ಲಿಕನ್ನರು, 83 ಡೆಮಾಕ್ರಟರು. ಸ್ಪೀಕರ್ ಬೇನರ್ ಮತ್ತು ವಿರೋಧ ಪಕ್ಷದ ನಾಯಕಿ ನ್ಯಾನ್ಸಿ ಪೆಲೋಸಿ ಒಂದೇ ಕಡೆ. ಪಕ್ಷದ ಗೆರೆ ಇಷ್ಟು ಚೂರುಚೂರಾದ ಮತ ಆ ಸಭೆಯಲ್ಲಿ ಅಪರೂಪ.

ದಾಖಲೆ ಓದುವವರಿಗೆ ನಿಜವಾದ ಪರೀಕ್ಷೆ ಇರುವುದು ಆಮೇಲಿನ ಎರಡು ಮತಗಳಲ್ಲಿ. ಕರೆ ವಿವರಗಳ ಸಾಮೂಹಿಕ ಸಂಗ್ರಹ ನಿಲ್ಲಿಸುವ ಉದ್ದೇಶದ ಯುಎಸ್‌ಎ ಫ್ರೀಡಂ ಕಾಯ್ದೆ 2014ರ ಮೇ ತಿಂಗಳಲ್ಲಿ ಮತಕ್ಕೆ ಬಂತು. 303-121ರಲ್ಲಿ ಗೆದ್ದಿತು. ಮಸೂದೆಯ ಮೂಲ ಪ್ರಾಯೋಜಕರಲ್ಲಿ ಒಬ್ಬರಾದ ಅಮಾಶ್ ಒತ್ತಿದ್ದು ಕೆಂಪು. 2015ರ ಮೇ ತಿಂಗಳಲ್ಲಿ ಪರಿಷ್ಕೃತ ರೂಪ 338-88ರಲ್ಲಿ ಅಂಗೀಕಾರವಾಗಿ ಜೂನ್‌ನಲ್ಲಿ ಕಾನೂನಾಯಿತು. ಆಗಲೂ ಕೆಂಪೇ. ಖಾಸಗಿತನದ ಪರ ಮತಗಳನ್ನು ಎಣಿಸಿ ಅಂಕ ಕೊಡುವ ಯಾವ ಪಟ್ಟಿಯಾದರೂ ಇಲ್ಲಿ ಅಮಾಶ್ ಅವರನ್ನು ಗುಪ್ತಚರ ಇಲಾಖೆಯ ಗೆಳೆಯರ ಸಾಲಿಗೆ ಸೇರಿಸಿಬಿಡುತ್ತದೆ.

ಫೇಸ್‌ಬುಕ್ ಬರಹ ತೆಗೆದು ನೋಡಿದರೆ ವಿಷಯ ಬೇರೆ. ತಾವು ಸಹಿ ಹಾಕಿದ್ದ ಮಸೂದೆ ಬೇರೆ, ಶ್ವೇತಭವನ ಮತ್ತು ಸಭೆಯ ನಾಯಕರು ಕೊನೇ ಗಳಿಗೆಯಲ್ಲಿ ಒಳಗೆ ಕೂತು ತಿದ್ದಿ ತಂದ ಮಸೂದೆ ಬೇರೆ ಎಂದು ಅವರು ಬರೆದಿದ್ದರು. ಸಂಗ್ರಹಕ್ಕೆ ಮಿತಿ ಹಾಕಬೇಕಾದ ಪದವನ್ನು ಎಷ್ಟು ಅಗಲ ಮಾಡಿದ್ದಾರೆಂದರೆ ಅದು ಸಂಗ್ರಹಕ್ಕೆ ಕಾನೂನಿನ ಮುದ್ರೆ ಒತ್ತಿದಂತಾಗುತ್ತದೆ ಎಂಬುದು ಅವರ ವಾದ. ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಕಾಯ್ದೆಯಿಂದ ಸ್ವಲ್ಪವಾದರೂ ಒಳಿತಾಯಿತು ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಆದರೆ ಕೆಂಪು ದೀಪಕ್ಕೆ ವಿವರಣೆ ಇಲ್ಲದೆ ಹೋಗಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ.

2018ರ ಜನವರಿ 11ರಂದು ಮತ್ತೊಂದು ಸುತ್ತು. ವಿದೇಶಿಯರ ಮೇಲಿನ ಕಣ್ಗಾವಲಿನ 702ನೇ ಸೆಕ್ಷನ್ ನವೀಕರಣಕ್ಕೆ ಬಂದಿತ್ತು. ಆ ಬಲೆಯಲ್ಲಿ ಸಿಕ್ಕ ಅಮೆರಿಕನ್ನರ ಸಂದೇಶಗಳನ್ನು ಜಾಲಾಡಲು ವಾರಂಟ್ ಬೇಕು ಎಂದು ಅಮಾಶ್ ಮತ್ತು ಡೆಮಾಕ್ರಟ್ ಜೋ ಲಾಫ್‌ಗ್ರೆನ್ ತಿದ್ದುಪಡಿ ತಂದರು. ಅವತ್ತು ಬೆಳಿಗ್ಗೆ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ತಮ್ಮದೇ ಆಡಳಿತ ಬಯಸಿದ್ದ ಆ ಕಾನೂನಿನ ವಿರುದ್ಧ ಟ್ವೀಟ್ ಮಾಡಿ ಸ್ವಪಕ್ಷದವರನ್ನೇ ತಬ್ಬಿಬ್ಬು ಮಾಡಿದರು. ಒಂದೆರಡು ಗಂಟೆಯಲ್ಲಿ ಇನ್ನೊಂದು ಟ್ವೀಟ್ ಬಂದು ಮೊದಲಿನದ್ದು ಮಗುಚಿತು. ತಿದ್ದುಪಡಿ 183-233ರಲ್ಲಿ ಬಿತ್ತು. ಮೂಲ ಮಸೂದೆ 256-164ರಲ್ಲಿ ಗೆದ್ದಿತು. ಜನವರಿ 19ಕ್ಕೆ ಟ್ರಂಪ್ ಸಹಿ ಬಿದ್ದು ಅದು ಕಾನೂನಾಯಿತು.

ಎಳೆ ಸಡಿಲವಾದ ಮತ

ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನನ್ನು ಬದಲಿಸುವ ಮಸೂದೆಯನ್ನು 2017ರ ಮಾರ್ಚ್‌ನಲ್ಲಿ ರಿಪಬ್ಲಿಕನ್ ನಾಯಕರು ಹಿಂತೆಗೆದುಕೊಳ್ಳಬೇಕಾಯಿತು. ಅಮಾಶ್ ಇದ್ದ, ಪಕ್ಷದ ಕಟ್ಟಾ ಸಂಪ್ರದಾಯವಾದಿಗಳ ಫ್ರೀಡಂ ಕಾಕಸ್ ಗುಂಪು ಅಡ್ಡ ನಿಂತಿತ್ತು. ಟ್ರಂಪ್ ಆ ಗುಂಪನ್ನು ಟ್ವಿಟರ್‌ನಲ್ಲೇ ಬೈದರು. ಏಪ್ರಿಲ್ 1ರಂದು ಶ್ವೇತಭವನದ ಸಾಮಾಜಿಕ ಜಾಲತಾಣದ ಉಸ್ತುವಾರಿ ಡ್ಯಾನ್ ಸ್ಕವೀನೋ, ಮುಂದಿನ ಪ್ರೈಮರಿಯಲ್ಲಿ ಅಮಾಶ್ ಅವರನ್ನು ಸೋಲಿಸಿ ಎಂದು ಕರೆಕೊಟ್ಟರು. ಸರ್ಕಾರಿ ನೌಕರರು ಚುನಾವಣೆಯಲ್ಲಿ ಕೈಯಾಡಿಸುವುದನ್ನು ತಡೆಯುವ ಹ್ಯಾಚ್ ಕಾಯ್ದೆಯನ್ನು ಇದು ಉಲ್ಲಂಘಿಸಿದೆ ಎಂದು ವಿಶೇಷ ವಕೀಲರ ಕಚೇರಿ ಹೇಳಿ ಎಚ್ಚರಿಕೆ ಪತ್ರ ಕೊಟ್ಟಿತು. ಒಂದು ಟ್ವೀಟ್‌ಗೆ ಸರ್ಕಾರಿ ಕಚೇರಿಯೊಂದು ಹೀಗೆ ಷರಾ ಬರೆದದ್ದು ಓದುವಾಗ ನಮ್ಮಲ್ಲೂ ಹೀಗೆ ಪ್ರತಿಯೊಂದಕ್ಕೂ ಷರಾ ಬರೆಯುವಂತಿದ್ದರೆ ಪತ್ರ ಬರೆಯಲು ಎಷ್ಟು ಗುಮಾಸ್ತರು ಬೇಕಾಗುತ್ತಿದ್ದರೋ ಎನಿಸುತ್ತದೆ.

ಮೇ 4ರಂದು ತುಸು ತಿದ್ದಿದ ಮಸೂದೆ ಮತ್ತೆ ಬಂತು. 217-213ರಲ್ಲಿ ಪಾರಾಯಿತು. ಅಮಾಶ್ ಹೌದು ಎಂದಿದ್ದರು. ನಾವು ಮಾತು ಕೊಟ್ಟದ್ದು ಈ ಮಸೂದೆಯಲ್ಲ, ಆದರೆ ಈಗಿರುವ ಕಾನೂನಿಗಿಂತ ಇದು ಕೊಂಚ ವಾಸಿಯೇ ಎಂದು ಕೇಳಿಕೊಂಡು ಮತ ಹಾಕಿದೆ ಎಂಬರ್ಥದಲ್ಲಿ ದೀರ್ಘ ವಿವರಣೆ ಬರೆದರು. ಹಾಗಿದ್ದರೆ ಫ್ರೀಡಂ ಕಾಯ್ದೆಯನ್ನು ಕೊಂಚ ವಾಸಿ ಎಂಬ ಅಳತೆಯಲ್ಲಿ ಏಕೆ ನೋಡಲಿಲ್ಲ? ಅವರ ಉತ್ತರವನ್ನು ಊಹಿಸಬಹುದು: ಅದು ವಾಸಿಯಲ್ಲ, ಇನ್ನೂ ಕೆಡುಕು ಎಂದು ಅವರು ಭಾವಿಸಿದ್ದರು. ಆದರೂ ಅವರ ಇಡೀ ಕಡತದಲ್ಲಿ ವಿವರಣೆ ಮತದ ಹಿಂದೆ ಓಡುತ್ತಿರುವಂತೆ ನನಗೆ ಕಾಣುವುದು ಇಲ್ಲೊಂದೇ ಕಡೆ. ಇದನ್ನು ಹೇಳಲು ಸಾಧ್ಯವಾಗಿರುವುದೂ ಅವರು ಎರಡನ್ನೂ ಬರೆದಿಟ್ಟದ್ದರಿಂದ. ಉಳಿದ 216 ಮಂದಿಯ ವಿಷಯದಲ್ಲಿ ಇಷ್ಟು ತಕರಾರು ತೆಗೆಯಲು ನಮ್ಮ ಬಳಿ ಸಾಮಗ್ರಿಯೇ ಇಲ್ಲ.

410ಕ್ಕೆ ಎದುರು ನಾಲ್ಕು

2020ರ ಫೆಬ್ರುವರಿ 26ರಂದು ಗುಂಪುಹತ್ಯೆಯನ್ನು ಕೇಂದ್ರ ಅಪರಾಧವಾಗಿಸುವ ಎಮ್ಮೆಟ್ ಟಿಲ್ ಮಸೂದೆ ಮತಕ್ಕೆ ಬಂತು. 1955ರಲ್ಲಿ ಮಿಸಿಸಿಪಿಯಲ್ಲಿ ಬಿಳಿಯರು ಕೊಂದ ಹದಿನಾಲ್ಕರ ಕಪ್ಪು ಹುಡುಗನ ಹೆಸರು ಅದಕ್ಕೆ. ಇಂಥ ಕಾನೂನು ತರುವ ಪ್ರಯತ್ನ ಒಂದು ಶತಮಾನದಿಂದ ಸೋಲುತ್ತಲೇ ಬಂದಿತ್ತು. ಅವತ್ತು 410-4. ಆ ನಾಲ್ವರಲ್ಲಿ ಅಮಾಶ್ ಒಬ್ಬರು.

ಇದಕ್ಕಿಂತ ಕೆಟ್ಟದಾಗಿ ಕಾಣುವ ಮತ ಬೇಕೆಂದರೂ ಸಿಗದು. ಹೆಸರನ್ನಷ್ಟೇ ಓದಿದವರಿಗೆ ಇನ್ನೇನು ತಿಳಿಯಬೇಕು? ಅಮಾಶ್ ವಾದ, ಕೊಲೆ ಮತ್ತು ಸಂಚು ಅದಾಗಲೇ ಅಪರಾಧ, ಈ ಮಸೂದೆ ರಾಜ್ಯಗಳ ಕೆಲಸವನ್ನು ಕೇಂದ್ರಕ್ಕೆ ಎಳೆದುಕೊಂಡು ಅದರ ದಂಡನಾಧಿಕಾರವನ್ನು ಹಿಗ್ಗಿಸುತ್ತದೆ ಎಂಬುದು. ಸೆನೆಟ್‌ನಲ್ಲಿ ರ‍್ಯಾಂಡ್ ಪಾಲ್ ಕೂಡ ಮಸೂದೆಯ ವ್ಯಾಖ್ಯೆ ತೀರಾ ಅಗಲವಾಗಿದೆ ಎಂದು ತಡೆದು ನಿಲ್ಲಿಸಿದರು. ವ್ಯಾಖ್ಯೆಯನ್ನು ಬಿಗಿಗೊಳಿಸಿದ ಮೇಲೆ ಅದೇ ಪಾಲ್ ಬೆಂಬಲಿಸಿ, 2022ರ ಮಾರ್ಚ್‌ನಲ್ಲಿ ಅದು ಕಾನೂನಾಯಿತು. ಅಂದರೆ ಆಕ್ಷೇಪ ಬರೀ ನೆಪವಾಗಿರಲಿಲ್ಲ. ಆದರೆ ಅಮೆರಿಕದ ದಕ್ಷಿಣದಲ್ಲಿ ದಶಕಗಟ್ಟಲೆ ರಾಜ್ಯಗಳೇ ಕೊಲೆಗಡುಕರನ್ನು ಬಿಟ್ಟುಕಳಿಸಿದ್ದವು ಎಂಬ ಚರಿತ್ರೆಗೆ ‘ರಾಜ್ಯಗಳ ಕಾನೂನು ಸಾಕು’ ಎಂಬ ತರ್ಕದಲ್ಲಿ ಜಾಗ ಎಲ್ಲಿ? ಅಳತೆಗೋಲು ನೇರವಾಗಿದ್ದ ಮಾತ್ರಕ್ಕೆ ಅಳತೆ ಸರಿಯಾಗಬೇಕೆಂದಿಲ್ಲ. ಮೂರು ತಿಂಗಳ ಮೇಲೆ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದಾಗ, ಪೊಲೀಸರ ಮೇಲೆ ಪರಿಹಾರದ ದಾವೆ ಹೂಡಲು ಅಡ್ಡಿಯಾಗಿರುವ ನ್ಯಾಯಾಲಯದ ಸಿದ್ಧಾಂತವನ್ನೇ ತೆಗೆದುಹಾಕುವ ಮಸೂದೆ ತಂದವರು ಇದೇ ಅಮಾಶ್, ಬಾಸ್ಟನ್‌ನ ಕಪ್ಪು ಡೆಮಾಕ್ರಟ್ ಅಯಾನಾ ಪ್ರೆಸ್ಲಿ ಜೊತೆ. ಫೆಬ್ರುವರಿಯ ಮತ ನೋಡಿ ಬೈದವರಲ್ಲಿ ಕೆಲವರಾದರೂ ಜೂನ್‌ನಲ್ಲಿ ಹೊಗಳಿರಬೇಕು.

ಒಂದು ಶನಿವಾರದ ಟ್ವೀಟ್ ಸರಣಿ

2016ರ ಅಧ್ಯಕ್ಷ ಚುನಾವಣೆಯಲ್ಲಿ ರಷ್ಯಾ ಹಸ್ತಕ್ಷೇಪದ ಬಗ್ಗೆ ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ವರದಿ 2019ರ ಏಪ್ರಿಲ್ 18ರಂದು ಹೊರಬಂತು. 448 ಪುಟ. ಅಮಾಶ್ ಅವತ್ತೇ ಏನೂ ಹೇಳಲಿಲ್ಲ. ಒಂದು ತಿಂಗಳು ಬಿಟ್ಟು, ಮೇ 18ರ ಶನಿವಾರ, ಟ್ವಿಟರ್‌ನಲ್ಲಿ ನಾಲ್ಕು ತೀರ್ಮಾನ ಮುಂದಿಟ್ಟರು. ಅಟಾರ್ನಿ ಜನರಲ್ ವಿಲಿಯಂ ಬಾರ್ ಬೇಕೆಂದೇ ವರದಿಯನ್ನು ತಿರುಚಿ ಹೇಳಿದ್ದಾರೆ. ಅಧ್ಯಕ್ಷ ಟ್ರಂಪ್ ನಡವಳಿಕೆ ವಾಗ್ದಂಡನೆಗೆ ಅರ್ಹ. ಪಕ್ಷನಿಷ್ಠೆ ಅಧಿಕಾರಗಳ ಪರಸ್ಪರ ಕಾವಲನ್ನೇ ಸವೆಸಿದೆ. ಕಾಂಗ್ರೆಸ್ ಸದಸ್ಯರಲ್ಲಿ ವರದಿ ಓದಿದವರೇ ಕಡಿಮೆ. ನಾಲ್ಕನೆಯದ್ದು ಬಹುಶಃ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಹಾಗೆ ಹೇಳಿದ ಮೊದಲ ರಿಪಬ್ಲಿಕನ್ ಸದಸ್ಯ ಅವರು. ಟ್ರಂಪ್ ಮರುದಿನವೇ ಟ್ವಿಟರ್‌ನಲ್ಲಿ ಅವರನ್ನು ಹಗುರ ಮನುಷ್ಯ ಎಂದು ಜರೆದರು. ಎರಡೇ ದಿನದಲ್ಲಿ ಪ್ರೈಮರಿಗೆ ಎದುರಾಳಿ ಘೋಷಣೆಯಾಯಿತು. ಪಶ್ಚಿಮ ಮಿಷಿಗನ್‌ನ ದೊಡ್ಡ ದಾನಿಗಳಾದ ಡೆವೋಸ್ ಕುಟುಂಬ ಇನ್ನು ಬೆಂಬಲವಿಲ್ಲ ಎಂದಿತು. ತಾವೇ ಸ್ಥಾಪಕರಲ್ಲಿ ಒಬ್ಬರಾಗಿದ್ದ ಫ್ರೀಡಂ ಕಾಕಸ್ ಅವರ ನಿಲುವನ್ನು ಖಂಡಿಸಿತು, ಜೂನ್‌ನಲ್ಲಿ ಅಮಾಶ್ ಹೊರಬಂದರು. ಮೇ ಕೊನೆಯಲ್ಲಿ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ಕರೆದ ಜನಸಭೆಯಲ್ಲಿ ಕಿಕ್ಕಿರಿದ ಜನ ಎದ್ದುನಿಂತು ಚಪ್ಪಾಳೆ ತಟ್ಟಿದ್ದೂ ನಿಜ. ಆದರೆ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟೋ ಮಂದಿ ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕುವವರಲ್ಲ. ಜುಲೈ 4ರಂದು, ಸ್ವಾತಂತ್ರ್ಯ ದಿನ ನೋಡಿಕೊಂಡು, ವಾಷಿಂಗ್ಟನ್ ಪೋಸ್ಟ್‌ನಲ್ಲಿ ಲೇಖನ ಬರೆದು ಪಕ್ಷ ಬಿಟ್ಟರು.

ಇಲ್ಲಿ ಮಾತು ಮುಂದೆ, ಮತ ಹಿಂದೆ. ಮೇ ತಿಂಗಳಲ್ಲಿ ಹೇಳಿದ್ದನ್ನು ಮತದಲ್ಲಿ ತೋರಿಸಿದರೇ? ತೋರಿಸಿದರು, ಒಂದೊಂದಾಗಿ. ಜುಲೈನಲ್ಲಿ ನಾಲ್ವರು ಸಂಸದೆಯರ ಬಗ್ಗೆ ಟ್ರಂಪ್ ಮಾಡಿದ ಟ್ವೀಟ್‌ಗಳನ್ನು ಖಂಡಿಸುವ ನಿರ್ಣಯಕ್ಕೆ ಹೌದು. ಬಾರ್ ಮೇಲಿನ ಕಾಂಗ್ರೆಸ್ ನಿಂದನೆ ನಿರ್ಣಯಕ್ಕೆ ಹೌದು. ಅಕ್ಟೋಬರ್ 31ರಂದು ವಾಗ್ದಂಡನೆ ವಿಚಾರಣೆಯ ನಿಯಮಗಳಿಗೆ ಹೌದು, ಅದು 232-196. ಡಿಸೆಂಬರ್ 18ರಂದು ಎರಡೂ ಆರೋಪಗಳಿಗೆ ಹೌದು. ಮೊದಲನೆಯದ್ದು 230-197, ಎರಡನೆಯದ್ದು 229-198. ಒಬ್ಬನೇ ಒಬ್ಬ ರಿಪಬ್ಲಿಕನ್ ಕೂಡ ಪರ ಬರಲಿಲ್ಲ. ಅಮಾಶ್ ಹೆಸರಿನ ಮುಂದೆ ಆಗ ‘ಸ್ವತಂತ್ರ’ ಎಂದಿತ್ತು. ಹಾಗೆಯೇ ಅವರು ಡೆಮಾಕ್ರಟರ ಕಡೆ ಜಾರಿಬಿಟ್ಟರು ಎನ್ನುವವರು ಫೆಬ್ರುವರಿಯ ಆ 410-4ನ್ನು ನೋಡಬೇಕು. ಅದು ವಾಗ್ದಂಡನೆಯ ಆಮೇಲಿನ ಮತ.

ಇಲ್ಲಿ ಇಂಥ ಕಡತ ಏಕೆ ಹುಟ್ಟದು

ಈ ಪ್ರಕರಣ ಓದುತ್ತಾ ನಮ್ಮ ಶಾಸಕರೂ ಹೀಗೆ ಬರೆಯಬಾರದೇ ಎಂದು ಕೇಳುವುದು ಸುಲಭ. ಬರೆಯಲು ಮತ ಬೇಕಲ್ಲ. 1985ರ 52ನೇ ತಿದ್ದುಪಡಿಯಿಂದ ಬಂದ ಹತ್ತನೇ ಅನುಸೂಚಿಯ ಪ್ರಕಾರ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗುತ್ತದೆ. ಅಮಾಶ್ ಕಳೆದುಕೊಂಡದ್ದು ಬಜೆಟ್ ಸಮಿತಿಯ ಕುರ್ಚಿಯನ್ನು. ನಮ್ಮವರಾಗಿದ್ದರೆ ಆಸನವೇ ಖಾಲಿಯಾಗುತ್ತಿತ್ತು. ಮೇಲಾಗಿ ನಮ್ಮ ಬಹುತೇಕ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. 2021ರ ಡಿಸೆಂಬರ್ 23ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ನಿಷೇಧ ಮಸೂದೆ ಅಂಗೀಕಾರವಾದದ್ದು ಧ್ವನಿಮತದಿಂದ. ರಾಜ್ಯಸಭೆಯಲ್ಲಿ 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳು ಗದ್ದಲದ ನಡುವೆ ಹಾಗೆಯೇ ಪಾಸಾದವು; ವಿರೋಧ ಪಕ್ಷಗಳು ಮತ ವಿಭಜನೆ ಕೇಳಿದ್ದವು, ಸಿಗಲಿಲ್ಲ. ಕರ್ನಾಟಕದ ಶಾಸಕರ ಹೆಸರು ಹೆಸರಾಗಿ ಎಣಿಕೆ ನಡೆದು ಇಡೀ ರಾಜ್ಯ ಟಿವಿ ಮುಂದೆ ಕೂತದ್ದು 2019ರ ಜುಲೈ 23ರ ವಿಶ್ವಾಸಮತದಂಥ ಅಪರೂಪದ ದಿನ; ಅವತ್ತು 99-105ರಲ್ಲಿ ಸರ್ಕಾರ ಬಿತ್ತು. ಆ ಎಣಿಕೆಯನ್ನು ನಿರ್ಧರಿಸಿದವರಾದರೂ ಸದನಕ್ಕೇ ಬರದವರು, ಮುಂದೆ ಅನರ್ಹರಾದ 17 ಮಂದಿಯಲ್ಲಿ ಹೆಚ್ಚಿನವರು. ಹೀಗಾಗಿ ನಮ್ಮ ಜನಪ್ರತಿನಿಧಿಗಳ ಜಾಲತಾಣದಲ್ಲಿ ಉದ್ಘಾಟನೆ, ಹುಟ್ಟುಹಬ್ಬ, ಶ್ರದ್ಧಾಂಜಲಿ ಸಿಗುತ್ತದೆ, ಮತದ ಕಾರಣ ಸಿಗುವುದಿಲ್ಲ. ಸೋಮಾರಿತನವೊಂದೇ ಅಲ್ಲ, ಪದ್ಧತಿಯೇ ಹಾಗಿದೆ.

ಮಿಷಿಗನ್‌ಗೂ ನಮಗೂ ಒಂದು ನಂಟಿದೆ. ಬೆಳಗಾವಿ ಸೀಮೆಯಿಂದ ಹೋದ ಶ್ರೀ ಥಾನೇದಾರ್ 2023ರಿಂದ ಡೆಟ್ರಾಯಿಟ್ ಭಾಗದ ಡೆಮಾಕ್ರಟ್ ಸಂಸದರು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ವಿರುದ್ಧ ಏಳು ವಾಗ್ದಂಡನೆ ಆರೋಪಗಳನ್ನು ಮಂಡಿಸಿ, ಮೇ ತಿಂಗಳಲ್ಲಿ ಮತಕ್ಕೆ ಹಾಕಿಸುತ್ತೇನೆ ಎಂದು ಘೋಷಿಸಿದರು. ಸ್ವಪಕ್ಷದವರೇ ಬೇಡವೆಂದ ಮೇಲೆ, ಮತ ಕೇಳಬೇಕಿದ್ದ ದಿನ ಹಿಂದೆ ಸರಿದರು. ಘೋಷಣೆ ದಾಖಲೆಯಲ್ಲಿದೆ, ರೋಲ್ ಕಾಲ್ ಇಲ್ಲ.

ಆಮೇಲೆ

2020ರ ವಸಂತದಲ್ಲಿ ಅಮಾಶ್ ಲಿಬರ್ಟೇರಿಯನ್ ಪಕ್ಷ ಸೇರಿದರು. ಆ ಪಕ್ಷದ ಮೊದಲ ಕಾಂಗ್ರೆಸ್ ಸದಸ್ಯ ಎನಿಸಿಕೊಂಡರು. ಅಧ್ಯಕ್ಷ ಚುನಾವಣೆಗೆ ನಿಲ್ಲುವ ಮಾತಾಡಿ ಮೇ ಮಧ್ಯದಲ್ಲಿ ಕೈಬಿಟ್ಟರು, ಮರುಚುನಾವಣೆಗೂ ನಿಲ್ಲಲಿಲ್ಲ. ಅವರ ಜಾಗಕ್ಕೆ ಬಂದ ರಿಪಬ್ಲಿಕನ್ ಪೀಟರ್ ಮೈಯರ್ 2021ರ ಜನವರಿ 13ರಂದು, ಅಧಿಕಾರ ಹಿಡಿದ ಎರಡೇ ವಾರಕ್ಕೆ, ಟ್ರಂಪ್ ವಾಗ್ದಂಡನೆಗೆ ಹೌದು ಎಂದ ಹತ್ತು ರಿಪಬ್ಲಿಕನ್ನರಲ್ಲಿ ಒಬ್ಬರಾದರು. 2022ರ ಪ್ರೈಮರಿಯಲ್ಲಿ ಟ್ರಂಪ್ ಬೆಂಬಲಿತ ಜಾನ್ ಗಿಬ್ಸ್ ಎದುರು ಸೋತರು. ಆ ನವೆಂಬರ್‌ನಲ್ಲಿ ಕ್ಷೇತ್ರ ಡೆಮಾಕ್ರಟ್ ಹಿಲರಿ ಶೋಲ್ಟನ್ ಪಾಲಾಯಿತು. ಕ್ಷೇತ್ರದ ಗಡಿ ಬದಲಾದದ್ದೂ ಅದಕ್ಕೊಂದು ಕಾರಣ.

ಅಮಾಶ್ ಅವರನ್ನು ಟೀಕಿಸುವವರು ಎತ್ತುವ ಒಂದು ಪ್ರಶ್ನೆಗೆ ಕಡತದಲ್ಲಿ ಉತ್ತರವಿಲ್ಲ: ಇಷ್ಟೆಲ್ಲ ಶುದ್ಧವಾಗಿದ್ದು ಸಾಧಿಸಿದ್ದೇನು? 2013ರ ತಿದ್ದುಪಡಿ ಸೋತಿತು, 2018ರದ್ದು ಸೋತಿತು, ಪ್ರೆಸ್ಲಿ ಜೊತೆಗಿನ ಮಸೂದೆ ಮತದವರೆಗೂ ಬರಲಿಲ್ಲ. 205 ಮಂದಿಯನ್ನು ಎರಡೂ ಪಕ್ಷಗಳಿಂದ ಒಟ್ಟುಗೂಡಿಸಿದ್ದೇ 2015ರ ಕಾನೂನಿಗೆ ದಾರಿಯಾಯಿತು ಎನ್ನಬಹುದು. ಆದರೆ ಆ ಕಾನೂನಿಗೆ ಅವರ ಮತವೇ ಇಲ್ಲ.

2024ರಲ್ಲಿ ಅವರು ಮತ್ತೆ ರಿಪಬ್ಲಿಕನ್ ಆಗಿ ಮಿಷಿಗನ್‌ನ ಸೆನೆಟ್ ಸ್ಥಾನದ ಪ್ರೈಮರಿಗೆ ನಿಂತರು. ಎದುರಾಳಿ ಮೈಕ್ ರಾಜರ್ಸ್, ಹನ್ನೊಂದು ವರ್ಷದ ಹಿಂದೆ ಸದನದಲ್ಲಿ ಫೇಸ್‌ಬುಕ್ ಲೈಕುಗಳ ಮಾತೆತ್ತಿದ್ದವರು. ರಾಜರ್ಸ್ ಹಿಂದೆ ಟ್ರಂಪ್ ಬೆಂಬಲವಿತ್ತು. ಆಗಸ್ಟ್ 6ರಂದು ರಾಜರ್ಸ್‌ಗೆ ಸುಮಾರು ಶೇ 63, ಅಮಾಶ್‌ಗೆ ಶೇ 15ರ ಆಸುಪಾಸು. ನವೆಂಬರ್‌ನಲ್ಲಿ ರಾಜರ್ಸ್ ಡೆಮಾಕ್ರಟ್ ಎಲಿಸ್ಸಾ ಸ್ಲಾಟ್ಕಿನ್ ಎದುರು ಸುಮಾರು 19 ಸಾವಿರ ಮತಗಳಿಂದ ಸೋತರು.